ಡಿಸೆಂಬರ್ 31ರ ಪಟ್ಟಿ

ಬ್ಯಾಂಕುಗಳ ಲೆಕ್ಕದ ವರ್ಷ ಒಂದು ಕಾಲಕ್ಕೆ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಈಗ ಕೆಲಸಕ್ಕೆ ಸೇರಿದ ಹುಡುಗರಿಗೆ ಹೇಳಿದರೆ ಹೌದಾ ಅನ್ನುತ್ತಾರೆ. ಮಾರ್ಚ್ 31 ಬಂದದ್ದು 1989ರಲ್ಲಿ. ಆ ಬದಲಾವಣೆಗೆಂದೇ 1988ರ ಜನವರಿಯಿಂದ ಹದಿನೈದು ತಿಂಗಳ ಒಂದು ಉದ್ದನೆಯ ವರ್ಷವನ್ನೂ ನಾವು ಕಂಡಿದ್ದೇವೆ. ನಾನು ಸಾಗರದ ಒಂದು ಶಾಖೆಗೆ ಕ್ಲರ್ಕ್ ಆಗಿ ಸೇರಿದ್ದು 1981ರಲ್ಲಿ. ಡಿಸೆಂಬರ್ ಕೊನೆಯ ರಾತ್ರಿ ಕೇಕು ಕತ್ತರಿಸುವ ಪದ್ಧತಿ ನಮ್ಮ ಊರಿಗೆ ಇನ್ನೂ ಬಂದಿರಲಿಲ್ಲ. ಒಂಬತ್ತಕ್ಕೆಲ್ಲ ಸಾಗರ ಮಲಗುತ್ತಿತ್ತು. ದೀಪ ಉರಿಯುತ್ತಿದ್ದದ್ದು ಬಸ್‌ಸ್ಟ್ಯಾಂಡಿನಲ್ಲಿ ಮತ್ತು ಬ್ಯಾಂಕಿನಲ್ಲಿ.

ಉಳಿತಾಯ ಖಾತೆಗಳ ಬಡ್ಡಿಯನ್ನು ಕೈಯಲ್ಲೇ ಹಾಕಬೇಕು, ಬ್ಯಾಲೆನ್ಸ್ ಬುಕ್ಕಿಗೆ ಇಳಿಸಬೇಕು, ಒಟ್ಟು ಮೊತ್ತ ಜನರಲ್ ಲೆಡ್ಜರಿಗೆ ತಾಳೆಯಾಗಬೇಕು. ಆಗದಿದ್ದರೆ ಮನೆಗೆ ಹೋಗುವಂತಿಲ್ಲ. 1983ರ ಡಿಸೆಂಬರ್ 31ರಂದು ತೊಂಬತ್ತು ಪೈಸೆ ವ್ಯತ್ಯಾಸ ಬಂತು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿಗಳು ಹಿಂದುಮುಂದಾಗಿವೆ ಎಂದು ಅರ್ಥ, 1.20 ಬರೆಯುವಲ್ಲಿ 2.10 ಬರೆದರೆ ಸರಿಯಾಗಿ ತೊಂಬತ್ತು ಪೈಸೆ. ಆ ಕಳ್ಳನನ್ನು ಹುಡುಕಲು ಅಕೌಂಟೆಂಟರು ಲೆಡ್ಜರುಗಳ ಮುಂದೆ ಕೂತರು. ನಮಗೆ ಕಾಯುವ ಕೆಲಸ. ಹೋಟೆಲಿನಿಂದ ಬಂದಿದ್ದ ಉಪ್ಪಿಟ್ಟು, ಕೇಸರಿಬಾತು ಖಾಲಿಯಾಗಿತ್ತು. ಹೆಡ್ ಕ್ಯಾಷಿಯರ್ ತಮ್ಮ ಟೂ-ಇನ್-ಒನ್ ತಂದಿಟ್ಟುಕೊಂಡಿದ್ದರು. ಮೆಲ್ಲಗೆ 'ನಿತ್ಯೋತ್ಸವ' ಹಾಕಿದರು. ಅದು ಮುಗಿದು 'ಟಕ್' ಎಂದು ಗುಂಡಿ ಎದ್ದಾಗ ಕೇಳಿದರು: "ಈ ವರ್ಷ ನೀವು ದುಡ್ಡು ಕೊಟ್ಟು ತಗೊಂಡಿದ್ದರಲ್ಲಿ ದುಡ್ಡು ಹುಟ್ಟಿದ ಕ್ಯಾಸೆಟ್ಟು ಯಾವುದ್ರೀ ಮೇಡಂ?"

ಉತ್ತರವನ್ನು ನಾನು ಎಲ್‌ಐಸಿ ಡೈರಿಯ ಹಿಂದಿನ ಖಾಲಿ ಪುಟದಲ್ಲಿ ಬರೆದೆ. ಅವರೂ ಬರೆದರು. ಫೀಲ್ಡ್ ಆಫೀಸರೂ ಸೇರಿಕೊಂಡರು. ತೊಂಬತ್ತು ಪೈಸೆ ಸಿಕ್ಕಿದ್ದು ರಾತ್ರಿ ಹನ್ನೊಂದೂವರೆಗೆ. ಅಷ್ಟರಲ್ಲಿ ನಮ್ಮ ಮೂವರ ಪಟ್ಟಿ ಸಿದ್ಧವಾಗಿತ್ತು, ಜಗಳವೂ ಆಗಿತ್ತು. ಅಲ್ಲಿಂದ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಈ ಪಟ್ಟಿ ನಡೆಯಿತು. ಕ್ಲೋಸಿಂಗ್ ಮಾರ್ಚಿಗೆ ಹೋದರೂ ಪಟ್ಟಿ ಡಿಸೆಂಬರಿನಲ್ಲೇ ಉಳಿಯಿತು.

ನಿಯಮಗಳು ಮೂರು. ಸ್ವಂತ ದುಡ್ಡಿನಲ್ಲಿ ಕೊಂಡಿದ್ದಾಗಿರಬೇಕು. ಎರವಲು ತಂದದ್ದು, ಅಂಗಡಿಯಲ್ಲಿ ತುಂಬಿಸಿಕೊಂಡದ್ದು ಲೆಕ್ಕಕ್ಕಿಲ್ಲ. ವರ್ಷ ಎಂದರೆ ನಾವು ಕೊಂಡ ವರ್ಷ, ಕ್ಯಾಸೆಟ್ ಬಿಡುಗಡೆಯಾದ ವರ್ಷವಲ್ಲ. ಬೆಂಗಳೂರಿನಲ್ಲಿ ಹಳತಾದದ್ದು ಸಾಗರಕ್ಕೆ ಹೊಸತಾಗಿ ಬರುತ್ತಿತ್ತು. ನನ್ನ ಮೊದಲ ಪಟ್ಟಿಯ ಮೊದಲ ಹೆಸರಾದ 'ನಿತ್ಯೋತ್ಸವ' ಬಂದು ಆಗಲೇ ಐದು ವರ್ಷವಾಗಿತ್ತು. ಮೂರನೆಯದು, ಮೊದಲು ಕವಿಯ ಹೆಸರು, ಆಮೇಲೆ ರಾಗ ಹಾಕಿದವರು, ಕೊನೆಗೆ ಹಾಡಿದವರು. ಇದನ್ನು ನಾವು ಕೂತು ನಿರ್ಧರಿಸಿದ್ದಲ್ಲ. ಆಕಾಶವಾಣಿಯಲ್ಲಿ ಸುಗಮ ಸಂಗೀತಕ್ಕೆ ಮುಂಚೆ 'ರಚನೆ ಇಂಥವರದು, ರಾಗ ಸಂಯೋಜನೆ ಇಂಥವರದು, ಹಾಡುವವರು ಇಂಥವರು' ಎಂದು ಹೇಳುವುದನ್ನು ಭದ್ರಾವತಿ ಕೇಂದ್ರದಿಂದ ಕೇಳಿ ಕೇಳಿ ನಮ್ಮ ಕೈಗೂ ಅದೇ ಕ್ರಮ ಬಂದಿತ್ತು. ಈ ಮೂರನೇ ನಿಯಮದ ವಿಷಯವನ್ನೇ ನಾನು ಇಲ್ಲಿ ಹೇಳಬೇಕೆಂದಿರುವುದು. ಆದರೆ ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಲ್ಬಂ ಎಂಬುದು ಮೊದಲಿಗೆ ಹಾಡುಗಳ ಗುಂಪಿನ ಹೆಸರಲ್ಲ, ಪ್ಲೇಟುಗಳನ್ನು ಇಡುವ ಪುಸ್ತಕದ ಹೆಸರು. ಫೋಟೋ ಆಲ್ಬಂನಂತೆ ರಟ್ಟಿನ ಹೊದಿಕೆ, ಒಳಗೆ ಕಾಗದದ ಜೇಬುಗಳು, ಒಂದೊಂದರಲ್ಲಿ ಒಂದು ಪ್ಲೇಟು. ನನ್ನ ಅಜ್ಜನ ಮನೆಯಲ್ಲಿ ಅಂಥದೊಂದು ಇತ್ತು. ನಾಯಿ ಮಾರ್ಕಿನ ಪ್ಲೇಟುಗಳು, ಹತ್ತು ಅಂಗುಲ ಅಗಲ, ನಿಮಿಷಕ್ಕೆ 78 ಸುತ್ತು, ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷದ ಹಾಡು. ಅವನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಪಾಂಡವರ ಮನೆ ಕಟ್ಟಿದ್ದ ಅದೇ ಅರಗು. ಕೈಜಾರಿದರೆ ಹಪ್ಪಳ. ಪ್ರತಿ ಮುಖಕ್ಕೂ ಹೊಸ ಮುಳ್ಳು ಹಾಕಬೇಕು ಎಂದು ಅಜ್ಜನ ಕಟ್ಟಪ್ಪಣೆ. ಮುಳ್ಳಿನ ಪುಟ್ಟ ತಗಡಿನ ಡಬ್ಬಿಗಾಗಿ ನಾವು ಮಕ್ಕಳು ಕಾದಾಡುತ್ತಿದ್ದೆವು.

ಮೂರು ನಿಮಿಷದಲ್ಲಿ ಆಲಾಪವೂ ಇಲ್ಲ, ಕಥೆಯೂ ಇಲ್ಲ. ಹೇಳುವುದನ್ನು ಹೇಳಿ ಎದ್ದುಬಿಡಬೇಕು. ಭಾರತದಲ್ಲಿ ಆ ಕಲೆಯನ್ನು ಮೊದಲು ಕರಗತ ಮಾಡಿಕೊಂಡವಳು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಿದ ಹಾಡುಗಳ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಾಳೆ. ಅದು ಜಂಬವಲ್ಲ, ಅನುಕೂಲ. ಪ್ಲೇಟು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ಅಷ್ಟು ಹೆಸರು ಮಾಡಿದವಳು ಕೊನೆಗಾಲಕ್ಕೆ ನಮ್ಮ ನಾಡಿಗೆ ಬಂದಳು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗಾಯಕಿಯಾಗಿ ಸೇರಿ, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು.

ಇನ್ನೊಂದು ಚೀಟಿಯ ಕಥೆ ನಮ್ಮ ಹುಬ್ಬಳ್ಳಿಯದು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಎಚ್‌ಎಂವಿ ಪ್ಲೇಟುಗಳು ಬಂದದ್ದು 1930ರ ದಶಕದಲ್ಲಿ. ಅವುಗಳ ಮೇಲೆ ಗಂಗೂಬಾಯಿ ಎಂಬ ಹೆಸರೇ ಇಲ್ಲ. ಗಾಂಧಾರಿ, ಹುಬ್ಬಳ್ಳಿ ಎಂದಿದೆ. ಹುಟ್ಟಿದಾಗ ಮನೆಯವರಿಟ್ಟ ಹೆಸರು ಗಾಂಧಾರಿಯಂತೆ. ಅಜ್ಜನ ಆಲ್ಬಮ್ಮಿನಲ್ಲಿ ಅಂಥ ಒಂದು ಪ್ಲೇಟು ಇತ್ತು. ಅದು ಯಾರ ದನಿ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅಷ್ಟರಲ್ಲಿ ಪ್ಲೇಟು ಎರಡು ಹೋಳಾಗಿತ್ತು. ಹಾಡಿನ ಜೊತೆ ಸರಿಯಾದ ಹೆಸರು ಬರಬೇಕು ಎಂಬ ನನ್ನ ಹಟ ಶುರುವಾದದ್ದು ಬಹುಶಃ ಅಲ್ಲೇ.

ಆಮೇಲೆ ಲಾಂಗ್‌ಪ್ಲೇ ಬಂತು. ಹನ್ನೆರಡು ಅಂಗುಲದ ತಟ್ಟೆ, ಮುಖಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ. ಪುಸ್ತಕದಲ್ಲಿ ಹಿಡಿಸುತ್ತಿದ್ದದ್ದು ಒಂದೇ ತಟ್ಟೆಯಲ್ಲಿ ಹಿಡಿಸಿದ್ದರಿಂದ ಆಲ್ಬಂ ಎಂಬ ಹೆಸರೂ ಅದಕ್ಕೇ ಅಂಟಿಕೊಂಡಿತು. ಅದು ಶ್ರೀಮಂತರ, ಹಿಂದೂಸ್ತಾನಿ ಕೇಳುವವರ ವಸ್ತುವಾಗಿತ್ತು. ನಮ್ಮಂಥವರ ಮನೆಗೆ ಅದು ಬರಲೇ ಇಲ್ಲ. ನಮ್ಮದು ಅಜ್ಜನ ಅರಗಿನ ಪ್ಲೇಟಿನಿಂದ ನೆಟ್ಟಗೆ ಕ್ಯಾಸೆಟ್ಟಿಗೆ ಜಿಗಿದ ಮನೆ. ನಡುವೆ ಇದ್ದದ್ದು ರೇಡಿಯೊ.

ವರ್ಷದ ಕೊನೆಗೆ ಹಾಡುಗಳನ್ನು ಸಾಲಾಗಿ ನಿಲ್ಲಿಸುವ ಚಟವನ್ನು ಈ ದೇಶಕ್ಕೆ ಹಿಡಿಸಿದ್ದೇ ರೇಡಿಯೊ. 1952ರ ಡಿಸೆಂಬರಿನಲ್ಲಿ ರೇಡಿಯೊ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಶುರುವಾಯಿತು. ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟ ಕಾಲ ಅದು. ಜನ ಸಿಲೋನಿಗೆ ಮುಳ್ಳು ತಿರುಗಿಸಿದರು. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಿದ್ದರು, ವರ್ಷದ ಕೊನೆಗೆ ವರ್ಷದ ಒಟ್ಟು ಪಟ್ಟಿ. ನನ್ನ ದೊಡ್ಡಣ್ಣ ಅದನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದಿಡುತ್ತಿದ್ದ. ಹಿಂದಿ ಬಾರದ ಅಪ್ಪ "ನಿನ್ ಗಣಿತದ ಪುಸ್ತಕ ಇಷ್ಟು ಚೊಕ್ಕ ಇದ್ದಿದ್ರೆ" ಎಂದು ಗೊಣಗುತ್ತಿದ್ದರು. ಆ ಪಟ್ಟಿಯಲ್ಲಿ ಕನ್ನಡದ ಹಾಡಿಗೆ ಜಾಗವಿರಲಿಲ್ಲ, ಇರುವ ಪ್ರಶ್ನೆಯೂ ಇಲ್ಲ. ನಮ್ಮ ಪಟ್ಟಿ ನಾವೇ ಮಾಡಿಕೊಳ್ಳಬೇಕಾಯಿತು.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಹೊರತಂದದ್ದು 1963ರಲ್ಲಿ. ಅದು ಮಲೆನಾಡಿನ ಮನೆಗಳಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಿಂದ, ಹೆಚ್ಚಾಗಿ ಕೊಲ್ಲಿ ದೇಶದಿಂದ ಬಂದ ನೆಂಟರ ಪೆಟ್ಟಿಗೆಯಲ್ಲಿ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುವ ಟೇಪು. ಬಡ್ಡಿ ಲೆಕ್ಕದ ಅಭ್ಯಾಸ ನೋಡಿ, ಒಮ್ಮೆ ಕೂತು ಗುಣಿಸಿದ್ದೆ. ಅರ್ಧ ಗಂಟೆಯ ಒಂದು ಸೈಡಿಗೆ ಸುಮಾರು 86 ಮೀಟರ್. ಅಷ್ಟು ಉದ್ದದ ದಾರ ಅಂಗೈಯಗಲದ ಡಬ್ಬಿಯಲ್ಲಿ. ಹಿಂಬದಿಯ ಎರಡು ಪುಟ್ಟ ಕಿವಿ ಮುರಿದರೆ ಅದರ ಮೇಲೆ ಬೇರೆ ಹಾಡು ತುಂಬಲಾಗದು. ತುಂಬಲೇಬೇಕೆಂದರೆ ಆ ತೂತಿಗೆ ಸೆಲೋಟೇಪು. ಟೇಪು ಸಡಿಲಾದರೆ ನಟರಾಜ ಪೆನ್ಸಿಲು. ಇವೆಲ್ಲ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿತ್ತು.

ಈ ಡಬ್ಬಿಯೊಳಗೆ ಕನ್ನಡದ ಕವಿ ಬಂದು ಕೂತದ್ದು 1978ರಲ್ಲಿ. ಕೆ.ಎಸ್. ನಿಸಾರ್ ಅಹಮದರ 'ನಿತ್ಯೋತ್ಸವ', ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ಅದಕ್ಕೂ ಮುಂಚೆ ಕವಿತೆಗಳನ್ನು ಹಾಡುತ್ತಿರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ವೇದಿಕೆ ವೇದಿಕೆ ಹತ್ತಿ ಬೇಂದ್ರೆ, ಕುವೆಂಪು ಅವರನ್ನು ಓದದವರ ಕಿವಿಗೂ ಮುಟ್ಟಿಸಿದ್ದರು. ಪ್ಲೇಟುಗಳೂ ಬಂದಿದ್ದವು. ಆದರೆ ಪ್ಲೇಟಿನಲ್ಲಿ ಬಂದದ್ದು ಒಂದೊಂದು ಹಾಡು. 'ನಿತ್ಯೋತ್ಸವ'ದಲ್ಲಿ ಒಬ್ಬನೇ ಕವಿಯ ಹಾಡುಗಳು, ಎರಡು ಸೈಡು ತುಂಬ, ಅವನ ಪುಸ್ತಕದ ಹೆಸರಿನಲ್ಲೇ.

ಸಾಗರದವರಿಗೆ ಅದರಲ್ಲಿ ಒಂದು ಖಾಸಗಿ ಹೆಮ್ಮೆ. ಶೀರ್ಷಿಕೆ ಗೀತೆ ಎತ್ತಿಕೊಳ್ಳುವುದೇ ನಮ್ಮ ತಾಲ್ಲೂಕಿನ ಜೋಗದಿಂದ. ನಿಸಾರರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಮೇಷ್ಟರಾಗಿದ್ದವರು, ಹಾಗಾಗಿ ಕವಿಯೂ ಅರ್ಧ ನಮ್ಮವರೇ. ಜೋಗದ ನೀರಿನಿಂದ ಕರೆಂಟು ತೆಗೆಯಲು ಶುರುಮಾಡಿ ಮೂವತ್ತು ವರ್ಷ ದಾಟಿತ್ತು. ಆ ಬೆಳಕನ್ನು ಕೊಂಡಾಡುವ ಹಾಡು ಮುಗಿಯುವ ಮುನ್ನ ಎಷ್ಟು ಸಲ ನಮ್ಮ ಬೀದಿಯಲ್ಲಿ ಕರೆಂಟು ಹೋಗಿದೆಯೋ! ಟೇಪು ನಿಧಾನವಾಗಿ, ಅನಂತಸ್ವಾಮಿಯವರ ದನಿ ಭಾರವಾಗಿ, ಕೋಣ ಕೂಗಿದಂತಾಗಿ ನಿಲ್ಲುತ್ತಿತ್ತು.

ಈ ಕ್ಯಾಸೆಟ್ಟು ಗೆದ್ದದ್ದೇ ತಡ, ಕವಿಗಳ ಸಾಲು ಶುರುವಾಯಿತು. 1942ರಲ್ಲಿ ಪುಸ್ತಕವಾಗಿ ಬಂದು ಮದುವೆಯ ಉಡುಗೊರೆಯಾಗಿಬಿಟ್ಟಿದ್ದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಸಿ. ಅಶ್ವಥ್ ಕೈಯಲ್ಲಿ ಕ್ಯಾಸೆಟ್ಟಾಯಿತು. ನಮ್ಮ ಶಾಖೆಯಲ್ಲಿ ಯಾರದೇ ಮದುವೆಯಾದರೂ ಪುಸ್ತಕದ ಬದಲು ಅದೇ ಹೋಗತೊಡಗಿತು. ಅಂಗಡಿಗೆ ಹೋದವರು "ಅಶ್ವಥ್ ಅವರದ್ದು ಕೊಡಿ" ಎಂದಷ್ಟೇ "ಕೆ.ಎಸ್.ನ. ಅವರದ್ದು ಕೊಡಿ" ಎಂದೂ ಕೇಳುತ್ತಿದ್ದರು. ಹಿಂದಿಯವರಿಗೆ ಆಲ್ಬಂ ಎಂದರೆ ಸಿನಿಮಾ ಅಥವಾ ಗಜಲ್ ಗಾಯಕ, ಇಂಗ್ಲಿಷಿನವರಿಗೆ ಬ್ಯಾಂಡು. ಕನ್ನಡದಲ್ಲಿ ಆಲ್ಬಂ ಹುಟ್ಟಿದ್ದು ಕವನ ಸಂಕಲನದ ಹೊಟ್ಟೆಯಲ್ಲಿ. ಆಲ್ಬಮ್ಮಿಗೆ ಧ್ವನಿಸುರುಳಿ ಎಂಬ ಹೆಸರೂ ಎಷ್ಟು ಸರಾಗವಾಗಿ ಬಂತು ನೋಡಿ. ಓಲೆಯ ಸುರುಳಿ, ಧ್ವನಿಯ ಸುರುಳಿ. ಎಂಬತ್ತರ ದಶಕದ ಆಹ್ವಾನ ಪತ್ರಿಕೆಗಳಲ್ಲಿ 'ಪುಸ್ತಕ ಮತ್ತು ಧ್ವನಿಸುರುಳಿ ಬಿಡುಗಡೆ' ಎಂದು ಒಂದೇ ಸಾಲಿನಲ್ಲಿರುತ್ತಿತ್ತು.

ಅನಂತಸ್ವಾಮಿ, ಅಶ್ವಥ್ ಇಬ್ಬರಲ್ಲಿ ಯಾರು ಹೆಚ್ಚು? ನಮ್ಮ ಜಗಳವೆಲ್ಲ ಇದೇ. ಹೆಡ್ ಕ್ಯಾಷಿಯರ್ ಅನಂತಸ್ವಾಮಿ ಪಕ್ಷ. "ಹಾರ್ಮೋನಿಯಂ ಒತ್ತಿಕೊಂಡು, ಕವಿತೆ ಮುಂದಕ್ಕೆ ಬಿಟ್ಟು, ತಾವು ಹಿಂದೆ ನಡೀತಾರೆ. ನಿಮ್ಮ ಅಶ್ವಥ್ ಕವಿತೇನ ಹೆಗಲ ಮೇಲೆ ಹೊತ್ಕೊಂಡು ಓಡ್ತಾರೆ" ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಅಶ್ವಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದವರು. ಶಿಫ್ಟಿನ ಸೈರನ್ ಮೀರಿಸಬೇಕೆಂದೇ ಏನೋ, ಅವರ ದನಿ ಯಾವಾಗಲೂ ಎತ್ತರದಲ್ಲಿ. 'ಮೈಸೂರು ಮಲ್ಲಿಗೆ'ಯ ಸಣ್ಣ ದನಿಯ ದಾಂಪತ್ಯಕ್ಕೆ ವಾದ್ಯವೃಂದ ಕೊಂಚ ಜಾಸ್ತಿಯಾಯಿತು ಎಂದು ನನಗೂ ಅನಿಸಿದ್ದಿದೆ. ಆದರೆ ರಾಯರು ಮಾವನ ಮನೆಗೆ ಬರುವ ಪದ್ಯವನ್ನು ರತ್ನಮಾಲಾ ಪ್ರಕಾಶ್ ದನಿಯಲ್ಲಿ ಕೇಳಿದ ಮೇಲೆ ಪುಸ್ತಕ ತೆರೆದರೂ ಕಿವಿಗೆ ಅದೇ ಧಾಟಿ ಬರುತ್ತದೆ. ಇದು ಲಾಭವೋ ನಷ್ಟವೋ, ನಲವತ್ತು ವರ್ಷವಾದರೂ ನನಗೆ ಬಗೆಹರಿದಿಲ್ಲ.

ನಮ್ಮ ಈ ಜಗಳ ಮುಂದೆ ವಿಧಾನಸೌಧದವರೆಗೂ ಹೋಯಿತು! ಕುವೆಂಪು ಅವರ ನಾಡಗೀತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದೋ ಅಶ್ವಥ್ ಅವರದೋ ಎಂದು ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಅವಧಿ ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಆದೇಶ ಹೊರಡಿಸಿತು. ಅದನ್ನು ಪೇಪರಿನಲ್ಲಿ ಓದಿದಾಗ ಎಂಬತ್ತು ದಾಟಿದ ಹೆಡ್ ಕ್ಯಾಷಿಯರ್ ಫೋನು ಮಾಡಿ ಏನೂ ಹೇಳಲಿಲ್ಲ, ನಕ್ಕು ಇಟ್ಟುಬಿಟ್ಟರು.

ಶರೀಫರ ವಿಷಯದಲ್ಲಿ ಮಾತ್ರ ಅವರೂ ಸೋತಿದ್ದರು. ಶಿಶುನಾಳದ ಶರೀಫ ಸಾಹೇಬರು 1889ರಲ್ಲಿ ತೀರಿಕೊಂಡವರು. ಧಾರವಾಡ, ಹಾವೇರಿ ಸೀಮೆಯ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ ಜೊತೆ ಅವರ ತತ್ವಪದ ಉಳಿದುಕೊಂಡಿತ್ತು. ತುಂಗಭದ್ರೆಯ ಈಚೆಗೆ ನಮಗೆ ಅದು ಅಷ್ಟಾಗಿ ಗೊತ್ತಿರಲಿಲ್ಲ. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಕ್ಯಾಸೆಟ್ಟು ಬಂದ ಮೇಲೆ ತರಕಾರಿ ಮಾರುವವರೂ ಕೋಡಗ, ಕೋಳಿ ಎಂದು ಹಾಡತೊಡಗಿದರು. ಅರ್ಥ? ಅರ್ಥ ಯಾರಿಗೆ ಬೇಕು! ನಮ್ಮ ಜವಾನ ಮಾತ್ರ, ಅವನು ಸವಣೂರು ಕಡೆಯವನು, "ನಮ್ಮೂರಾಗ ಇಷ್ಟು ಜೋರು ಹಾಡೂದಿಲ್ರೀ ಅಕ್ಕಾರ, ಇದು ಕಣ್ಮುಚ್ಚಿ ಹಾಡೂ ಪದಾ" ಎಂದಿದ್ದ. ಆ ಮಾತನ್ನೂ ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. 1986ರ ಪಟ್ಟಿಯ ಪಕ್ಕದಲ್ಲಿದೆ. ಆ ವರ್ಷ ಹೆಡ್ ಕ್ಯಾಷಿಯರ್ ಕೊಂಡ ಶರೀಫರ ಕ್ಯಾಸೆಟ್ಟನ್ನು ಎರಡು ದಿನಕ್ಕೆಂದು ನಾನು ಮನೆಗೆ ತಂದೆ. ಕೊಡಲಿಲ್ಲ.

ತಿಂಗಳಿಗೆ ಒಂದು ಕ್ಯಾಸೆಟ್ಟು, ಅದಕ್ಕಿಂತ ಹೆಚ್ಚು ಸಂಬಳಕ್ಕೆ ಒಗ್ಗುತ್ತಿರಲಿಲ್ಲ. ಹಾಗಾಗಿ ವರ್ಷದ ಪಟ್ಟಿ ಎಂದರೆ ಹನ್ನೆರಡರಲ್ಲಿ ಐದು. ಹನ್ನೆರಡನ್ನೂ ಎರಡೂ ಸೈಡು, ಕನಿಷ್ಠ ಮೂವತ್ತು ಸಲ ಕೇಳಿರುತ್ತಿದ್ದೆವು; ಇಷ್ಟವಾಗದಿದ್ದರೂ ಕೇಳಲೇಬೇಕು, ದುಡ್ಡು ಕೊಟ್ಟಾಗಿದೆ. ಹಾಡು ದಾಟಿಸುವುದು ಸುಲಭವಿರಲಿಲ್ಲ. ಮುಂದಕ್ಕೆ ಒತ್ತಿದರೆ ಟೇಪು ಎಲ್ಲಿ ನಿಲ್ಲುತ್ತದೋ ದೇವರಿಗೇ ಗೊತ್ತು. ಅದರಿಂದ ಒಂದು ಉಪಕಾರವಾಯಿತು. ಕಂಪನಿಯವರು ಗೆಲ್ಲುವ ಹಾಡನ್ನು ಸೈಡ್ ಎ ಮೊದಲಿಗೇ ಇಡುತ್ತಿದ್ದರು. ಸಂಯೋಜಕರು ತಮಗೆ ಮೆಚ್ಚಾದ, ಮಾರಾಟಕ್ಕೆ ಆಗಿಬಾರದ ಕಷ್ಟದ ಕವಿತೆಯನ್ನು ಸೈಡ್ ಬಿ ನಡುವೆ ಎಲ್ಲೋ ಅಡಗಿಸುತ್ತಿದ್ದರು ಎಂಬುದು ನನ್ನ ಗುಮಾನಿ. ಹದಿನೈದನೇ ಸಲ ಕೇಳುವಾಗ ಆ ಹಾಡು ಬಾಗಿಲು ತೆಗೆಯುತ್ತಿತ್ತು. ನನ್ನ ಪಟ್ಟಿಗಳಲ್ಲಿ ಮೇಲೆ ಬಂದ ಕ್ಯಾಸೆಟ್ಟುಗಳೆಲ್ಲ ಸೈಡ್ ಬಿ ಗಟ್ಟಿ ಇದ್ದವು.

ಮಲೆನಾಡಿನಲ್ಲಿ ಕ್ಯಾಸೆಟ್ಟಿಗೆ ಶತ್ರು ಮಳೆ. ಜುಲೈ ಹೊತ್ತಿಗೆ ಡಬ್ಬಿಯ ಕಿಟಕಿಯಿಂದ ನೋಡಿದರೆ ಕಂದು ಸುರುಳಿಯ ಅಂಚಿನ ಮೇಲೆ ಬಿಳಿ ಬೂಸ್ಟು, ಹಳೆಯ ಕೊಬ್ಬರಿಯ ಮೇಲೆ ಬರುವಂಥದು. ಹಾಗೇ ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡು, ಗಾಯಕರೆಲ್ಲ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಸುರುಳಿಯನ್ನು ಒಣ ಮಲ್ಲು ಬಟ್ಟೆಯ ನಡುವೆ ಹಿಡಿದು ಪೆನ್ಸಿಲಿನಲ್ಲಿ ಮೆಲ್ಲಗೆ ಸುತ್ತಬೇಕು. ಒಂದು ಸೈಡಿನ ಟೇಪಿಗೆ ಮುಕ್ಕಾಲು ಗಂಟೆ. ನನ್ನ ಅತ್ತೆಯವರು ಅಡಿಕೆ ಒಣಗಿಸುವ ಅಟ್ಟದಲ್ಲಿ, ಹೊಗೆಯ ಬಿಸಿ ತಟ್ಟುವ ಕಡೆ, ಬೆತ್ತದ ಬುಟ್ಟಿಯಲ್ಲಿ ನನ್ನ ಕ್ಯಾಸೆಟ್ಟುಗಳನ್ನಿಟ್ಟರು. ಬೂಸ್ಟು ಬರಲಿಲ್ಲ. ಇವತ್ತಿಗೂ ಆ ಕಾಲದ ಕ್ಯಾಸೆಟ್ಟು ಮೂಸಿದರೆ ಅಡಿಕೆ ಹೊಗೆಯ ವಾಸನೆ.

ನಮ್ಮ ಪಟ್ಟಿ ಊರಿನ ಪಟ್ಟಿಯಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅಂಗಡಿಯಲ್ಲಿ ನಿಜವಾಗಿ ಓಡುತ್ತಿದ್ದವು ಬೇರೆ. ಗುರುರಾಜುಲು ನಾಯ್ಡು ಅವರ ಹರಿಕಥೆ, ಧೀರೇಂದ್ರ ಗೋಪಾಲರ ರಾಜಕೀಯ ಚಟಾಕಿ, ವಿದ್ಯಾಭೂಷಣರ ದಾಸರ ಪದ, ಗುರುವಾರಕ್ಕೊಂದು ರಾಜ್‌ಕುಮಾರರ ರಾಘವೇಂದ್ರ ಭಕ್ತಿಗೀತೆ. ಘಟ್ಟದ ಕೆಳಗಿನ ಯಕ್ಷಗಾನದ ಹುಚ್ಚು ನಮ್ಮಲ್ಲೂ ಇದ್ದದ್ದರಿಂದ ಕಾಳಿಂಗ ನಾವಡರ ಭಾಗವತಿಕೆ. ಆಟದ ರಾತ್ರಿ ರಂಗಸ್ಥಳದ ಮುಂದೆ ಸಾಲಾಗಿ ಟೇಪ್ ರೆಕಾರ್ಡರುಗಳು ಕೂತಿರುತ್ತಿದ್ದವು, ಪ್ರೇಕ್ಷಕರು ಅವುಗಳ ಹಿಂದೆ. 1990ರಲ್ಲಿ ನಾವಡರು ಮೂವತ್ತೆರಡು ತುಂಬುವ ಮುನ್ನವೇ ರಸ್ತೆ ಅಪಘಾತದಲ್ಲಿ ಹೋದಾಗ, ಅವರ ದನಿ ಉಳಿದದ್ದು ಕಂಪನಿಗಳ ಕ್ಯಾಸೆಟ್ಟಿಗಿಂತ ಹೆಚ್ಚಾಗಿ ಇಂಥ ಮನೆ ಕ್ಯಾಸೆಟ್ಟುಗಳಲ್ಲಿ, ಮಧ್ಯೆ ಮಧ್ಯೆ ಯಾರದೋ ಕೆಮ್ಮಿನೊಂದಿಗೆ.

ಸಿನಿಮಾ ಹಾಡಿಗೆ ನಮ್ಮ ಪಟ್ಟಿಯಲ್ಲಿ ಪ್ರವೇಶವಿರಲಿಲ್ಲ. ಅದೊಂದು ಸಣ್ಣ ಜಾತಿಪದ್ಧತಿ. 1987ರಲ್ಲಿ 'ಪ್ರೇಮಲೋಕ' ಬಂದು ಅದನ್ನು ಮುರಿಯಿತು. ರವಿಚಂದ್ರನ್ ಚಿತ್ರ, ಸಾಹಿತ್ಯ ಸಂಗೀತ ಎರಡೂ ಹಂಸಲೇಖರದು, ಕ್ಯಾಸೆಟ್ಟು ಬೆಂಗಳೂರಿನ ಲಹರಿಯವರದು. ಅದುವರೆಗೆ ಸಿನಿಮಾ ಕ್ಯಾಸೆಟ್ಟು ಎಂದರೆ ನಾಲ್ಕೈದು ಹಾಡು, ಉಳಿದ ಸೈಡಿಗೆ ಇನ್ನೊಂದು ಚಿತ್ರ. ಇಲ್ಲಿ ಎರಡೂ ಸೈಡು ಒಂದೇ ಚಿತ್ರ. ಹುಡುಗ ಹುಡುಗಿ ಮಾತಾಡಿಕೊಳ್ಳುವುದೂ ಹಾಡಿನಲ್ಲೇ, ಮುನಿಸಿಕೊಳ್ಳುವುದೂ ಹಾಡಿನಲ್ಲೇ. ಚಿತ್ರ ನೋಡದೆ ಕ್ಯಾಸೆಟ್ಟು ಕೇಳಿಯೇ ಕಥೆ ಹೇಳಬಹುದಿತ್ತು. ನಾನು ಆ ವರ್ಷ ಅದನ್ನು ಎರಡನೇ ಜಾಗದಲ್ಲಿ ಬರೆದೆ. ಫೀಲ್ಡ್ ಆಫೀಸರು ಎರಡು ದಿನ ಮಾತು ಬಿಟ್ಟರು. ಮೂರನೇ ನಿಯಮದ ಪ್ರಕಾರ ಕವಿ ಎಂಬ ಜಾಗದಲ್ಲಿ ಹಂಸಲೇಖ ಎಂದು ಬರೆದದ್ದು ಅವರಿಗೆ ಹೆಚ್ಚು ನೋವು ತಂದಿತ್ತು. ನಾನು ಅಳಿಸಲಿಲ್ಲ.

ತೊಂಬತ್ತರ ನಂತರದ ಕಥೆ ಬೇಗ ಮುಗಿಯುತ್ತದೆ. ಟಿ-ಸೀರೀಸ್ ಶುರುಮಾಡಿದ ಅಗ್ಗದ ಆಟದಲ್ಲಿ ಕ್ಯಾಸೆಟ್ಟು ಕಡಲೆಕಾಯಿಯಂತಾಯಿತು. ಆಮೇಲೆ ಸಿ.ಡಿ., ಆಮೇಲೆ ಫುಟ್‌ಪಾತಿನಲ್ಲಿ ನೂರು ನೂರೈವತ್ತು ಹಾಡು ತುಂಬಿದ ಎಂಪಿ3 ತಟ್ಟೆ. ಆ ತಟ್ಟೆಯ ಮೇಲೆ ಬರೆದದ್ದು ಇಷ್ಟೇ: 'ಭಾವಗೀತೆ ಹಿಟ್ಸ್'. ಪಟ್ಟಿ ಮಾಡಲು ಕೂತರೆ ಯಾವುದರ ಪಟ್ಟಿ ಮಾಡುವುದು? ನಾನು ಶಿವಮೊಗ್ಗಕ್ಕೆ ವರ್ಗವಾಗಿದ್ದೆ, ಹೆಡ್ ಕ್ಯಾಷಿಯರ್ ನಿವೃತ್ತರಾಗಿದ್ದರು, ಫೀಲ್ಡ್ ಆಫೀಸರು ತೀರಿಕೊಂಡಿದ್ದರು. ಡಿಸೆಂಬರ್ 31ಕ್ಕೆ ಫೋನಿನಲ್ಲಿ ಎರಡೋ ಮೂರೋ ಹೆಸರು ಹೇಳಿಕೊಳ್ಳುತ್ತಿದ್ದೆವು, ಅಷ್ಟೆ.

2009 ಶುರುವಾದದ್ದೇ ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿಯ ಸಾವಿನಿಂದ. ಜನವರಿ 17, ವಯಸ್ಸು ಮೂವತ್ತಾರು. ಡಿಸೆಂಬರ್ 29ರಂದು ಅಶ್ವಥ್ ಹೋದರು, ಅವತ್ತು ಅವರ ಎಪ್ಪತ್ತನೇ ಹುಟ್ಟುಹಬ್ಬ. ಮಾರನೆಯ ದಿನ ವಿಷ್ಣುವರ್ಧನ್. 31ರ ರಾತ್ರಿ ಹೆಡ್ ಕ್ಯಾಷಿಯರ್ ಫೋನು ಮಾಡಿದರು. ಪಟ್ಟಿಯ ಮಾತೆತ್ತಲಿಲ್ಲ. "ನನ್ ಶರೀಫರ ಕ್ಯಾಸೆಟ್ ನಿಮ್ಮತ್ರಾನೇ ಇದೆಯಲ್ಲ. ವಾಪಸ್ ಕೊಡ್ತೀರಾ?" ಎಂದರು. ಇಪ್ಪತ್ಮೂರು ವರ್ಷದ ಮೇಲೆ ಆ ಸಾಲ ತೀರಿಸಿದೆ. ಕೊಡುವ ಮುನ್ನ ಹಾಕಿ ನೋಡಿದರೆ ನನ್ನ ಪ್ಲೇಯರಿನ ರಬ್ಬರ್ ಬೆಲ್ಟು ಕರಗಿ ಟಾರಿನಂತಾಗಿತ್ತು. ರಿಪೇರಿಯವನು ಬೇರೆ ಬೆಲ್ಟು ಹಾಕಿ, ಹಾಡನ್ನೆಲ್ಲ ಕಂಪ್ಯೂಟರಿಗೂ ಇಳಿಸಿಕೊಟ್ಟ. ಹಾಡು ಬಂತು. ಫೈಲಿನ ಹೆಸರು 'ಟ್ರ್ಯಾಕ್ 1', 'ಟ್ರ್ಯಾಕ್ 2'.

ಈಗ ಮೊಮ್ಮಗಳು ಫೋನಿನಲ್ಲಿ ಬೇಕಾದ ಹಾಡು ಹುಡುಕಿ ಹಾಕುತ್ತಾಳೆ. ವರ್ಷದ ಕೊನೆಗೆ ಆ ಫೋನೇ ಅವಳ ಪಟ್ಟಿಯನ್ನೂ ತಯಾರಿಸಿ ಕೊಡುತ್ತದೆ, ಎಷ್ಟು ನಿಮಿಷ ಕೇಳಿದಳೆಂಬ ಲೆಕ್ಕದ ಸಮೇತ. ನಮ್ಮ ಅಕೌಂಟೆಂಟರು ಮೆಚ್ಚುತ್ತಿದ್ದರು. ಆದರೆ ಅದರಲ್ಲಿ ಮೊದಲ ಹೆಸರು ಹಾಡಿದವರದು, ಎಷ್ಟೋ ಸಲ ಅದೊಂದೇ ಹೆಸರು. ಕವಿಯ ಹೆಸರು ಸಿಕ್ಕರೆ ಪುಣ್ಯ. ಒಂದು ಕಡೆ ಕೆ.ಎಸ್.ನ. ಅವರ ಪದ್ಯವನ್ನು ಜಾನಪದ ಗೀತೆ ಎಂದು ಹಾಕಿದ್ದರು. ಹೀಗೇ ಹೋದರೆ ಇನ್ನು ಇಪ್ಪತ್ತು ವರ್ಷಕ್ಕೆ ಕನ್ನಡದ ಕವಿಗಳೆಲ್ಲ ಜನಪದರಾಗಿಬಿಡುತ್ತಾರೆ. ಗೌಹರ್ ಜಾನ್‌ಳಂತೆ ಹಾಡಿನ ಕೊನೆಗೆ ಹೆಸರು ಕೂಗಿ ಹೇಳಲು ಅವರು ಇಲ್ಲ.

ಅದಕ್ಕೇ ಒಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಕ್ಯಾಸೆಟ್ಟುಗಳಿದ್ದರೆ, ಟೇಪು ಹಾಳಾಗಿದೆಯೆಂದು ಡಬ್ಬಿ ಸಮೇತ ಗುಜರಿಗೆ ಹಾಕಬೇಡಿ. ಒಳಗೆ ಮಡಚಿಟ್ಟ ಕಾಗದ ಇರುತ್ತದೆ. ಅದರಲ್ಲಿ ಕವಿ ಯಾರು, ರಾಗ ಯಾರದು, ಹಾಡಿದವರಾರು, ಕೆಲವದರಲ್ಲಿ ತಬಲಾ, ಕೊಳಲು ಯಾರೆಂಬುದೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಹಾಡು ಎಲ್ಲಾದರೂ ಸಿಕ್ಕೀತು, ಆ ಹೆಸರುಗಳು ಇನ್ನೆಲ್ಲೂ ಸಿಗುವುದಿಲ್ಲ. ಕಾಗದ ಬಿಡಿಸಿ, ಎರಡೂ ಬದಿಯ ಫೋಟೋ ತೆಗೆದಿಡಿ.